ಕೆಮ್ಮನ್ನು ಅರಿಯಲು ಎಷ್ಟು ಶಾಸ್ತ್ರ ಬೇಕು?

ಆರೋಗ್ಯವೆಂದೊಡನೆ ನಮ್ಮ ಕಣ್ಣ ಮುಂದೆ ನಿಲ್ಲುವುದು ವೈದ್ಯ, ಔಷಧ, ಆಸ್ಪತ್ರೆ ಈ ಮೂರೇ. ಆರೋಗ್ಯಕ್ಕೆ ಸಂಬಂಧಿಸಿದ ವಿದ್ಯೆಯನ್ನು ಕಲಿಯಬೇಕೆಂಬ ಹಂಬಲವುಳ್ಳ ವಿದ್ಯಾರ್ಥಿಗೂ ಕಾಣುವುದು ಒಂದೇ ಬಾಗಿಲು, ಎಂ.ಬಿ.ಬಿ.ಎಸ್. ಪ್ರವೇಶಪರೀಕ್ಷೆಯಲ್ಲಿ ಕೆಲವು ಅಂಕಗಳು ಕಡಿಮೆಯಾದರೆ ಆ ಬಾಗಿಲು ಮುಚ್ಚಿಹೋಯಿತೆಂದೂ, ಜನರ ಆರೋಗ್ಯಕ್ಕೂ ತನಗೂ ಇನ್ನು ಯಾವ ನಂಟೂ ಇಲ್ಲವೆಂದೂ ಬಗೆದು ಕೈಚೆಲ್ಲಿ ಕುಳಿತುಕೊಳ್ಳುವವರು ಎಷ್ಟೋ ಮಂದಿ. ರೋಗವು ಶರೀರದೊಳಗೆ ಮಾತ್ರ ಹುಟ್ಟಿ ಶರೀರದೊಳಗೆ ಮಾತ್ರ ಬೆಳೆಯುವಂಥದಾಗಿದ್ದರೆ ಅವರ ಎಣಿಕೆ ಸರಿಯಾಗುತ್ತಿತ್ತು. ಆದರೆ ರೋಗದ ಬೇರುಗಳು ಮನೆಯ ಕಿಟಕಿ, ಅಡಿಗೆಯ ಮಡಕೆ, ದಿನದ ಕೂಲಿ, ಊರಿನ ರಸ್ತೆ ಇವುಗಳವರೆಗೂ ಹಬ್ಬಿರುತ್ತವೆ. ಆ ಬೇರುಗಳನ್ನು ಅರಸಿ ಹೋಗುವುದೂ ಒಂದು ವಿದ್ಯೆಯೇ.

ಅಮೆರಿಕ, ಕೆನಡ ಮೊದಲಾದ ದೇಶಗಳ ಕೆಲವು ವಿಶ್ವವಿದ್ಯಾನಿಲಯಗಳಲ್ಲಿ ಈ ವಿದ್ಯೆಗೆ ‘ಆರೋಗ್ಯ ಮತ್ತು ಸಮಾಜ’ ಎಂಬ ಹೆಸರಿನ ಪದವಿಯೇ ಇದೆ. ಪೆನ್ಸಿಲ್ವೇನಿಯ ವಿಶ್ವವಿದ್ಯಾನಿಲಯ, ಆಸ್ಟಿನ್ ನಗರದ ಟೆಕ್ಸಾಸ್ ವಿಶ್ವವಿದ್ಯಾನಿಲಯ, ಟೊರಾಂಟೊ ನಗರದ ಯಾರ್ಕ್ ವಿಶ್ವವಿದ್ಯಾನಿಲಯ ಇವು ಅಂಥ ವ್ಯಾಸಂಗಕ್ರಮವುಳ್ಳವು. ಪೆನ್ಸಿಲ್ವೇನಿಯದಲ್ಲಿ ಇದನ್ನು ನಡೆಸುವುದು ವೈದ್ಯಕೀಯ ಕಾಲೇಜಲ್ಲ, ವಿಜ್ಞಾನದ ಇತಿಹಾಸ ಮತ್ತು ಸಮಾಜಶಾಸ್ತ್ರದ ವಿಭಾಗ ಎಂಬುದು ಗಮನಾರ್ಹ.

ಇಂಥ ಪದವಿಗೆ ಕಲಿಯಬೇಕಾದ ವಿಷಯಗಳ ಪಟ್ಟಿಯನ್ನು ಮೊದಲ ಸಲ ನೋಡಿದವರಿಗೆ ಅದೊಂದು ಕಲಸುಮೇಲೋಗರವೆಂದು ತೋರಬಹುದು. ವಿಶ್ವವಿದ್ಯಾನಿಲಯದಿಂದ ವಿಶ್ವವಿದ್ಯಾನಿಲಯಕ್ಕೆ ವ್ಯತ್ಯಾಸವಿದ್ದರೂ, ಸ್ಥೂಲವಾಗಿ ಅದರಲ್ಲಿ ಸ್ವಲ್ಪ ಪ್ರಕೃತಿವಿಜ್ಞಾನ, ಸಂಖ್ಯಾಶಾಸ್ತ್ರ, ರೋಗಪ್ರಸಾರಶಾಸ್ತ್ರ, ವೈದ್ಯದ ಇತಿಹಾಸ, ಸಮಾಜಶಾಸ್ತ್ರ ಮತ್ತು ಮಾನವಶಾಸ್ತ್ರ, ಅರ್ಥಶಾಸ್ತ್ರ, ನೀತಿಶಾಸ್ತ್ರ, ಕೊನೆಗೆ ಒಂದಿಷ್ಟು ಕ್ಷೇತ್ರಕಾರ್ಯ ಇರುತ್ತವೆ. ಇಷ್ಟೊಂದು ಬಗೆಯ ಶಾಸ್ತ್ರಗಳನ್ನು ಒಂದೇ ಹಗ್ಗದಲ್ಲಿ ಕಟ್ಟುವ ಅಗತ್ಯವೇನು? ಈ ಪ್ರಶ್ನೆಗೆ ಉತ್ತರವನ್ನು ಒಂದೇ ರೋಗದ ಉದಾಹರಣೆಯಿಂದ ಹುಡುಕೋಣ. ನಾವು ಆರಿಸಿಕೊಳ್ಳುವುದು ನಮ್ಮ ನಾಡಿಗೆ ಬಹಳ ಪರಿಚಿತವಾದ ಕ್ಷಯವನ್ನು. ವಿಶ್ವ ಆರೋಗ್ಯ ಸಂಸ್ಥೆಯ ಅಂದಾಜಿನಂತೆ 2023ರಲ್ಲಿ ಜಗತ್ತಿನ ಸುಮಾರು 1 ಕೋಟಿ 8 ಲಕ್ಷ ಮಂದಿ ಹೊಸದಾಗಿ ಕ್ಷಯಪೀಡಿತರಾದರು. ಅವರಲ್ಲಿ ಕಾಲುಭಾಗಕ್ಕಿಂತ ತುಸು ಹೆಚ್ಚು ಮಂದಿ ಭಾರತೀಯರು.

ಹನಿಯ ಪಯಣ

ಮೊದಲನೆಯದು ಪ್ರಕೃತಿವಿಜ್ಞಾನ. ಕ್ಷಯಕ್ಕೆ ಕಾರಣವಾದ ಬ್ಯಾಕ್ಟೀರಿಯವನ್ನು ತಾವು ಕಂಡುಹಿಡಿದುದಾಗಿ ರಾಬರ್ಟ್ ಕಾಖ್ 1882ರ ಮಾರ್ಚ್ 24ರಂದು ಬರ್ಲಿನ್ ನಗರದಲ್ಲಿ ಪ್ರಕಟಿಸಿದರು. ಅದು ಒಬ್ಬರಿಂದ ಒಬ್ಬರಿಗೆ ದಾಟುವ ಬಗೆಯಾದರೋ ಭೌತವಿಜ್ಞಾನದ ಒಂದು ಸೊಗಸಾದ ಸಮಸ್ಯೆ. ರೋಗಿ ಕೆಮ್ಮಿದಾಗ ಚಿಮ್ಮುವ ಹನಿಗಳಲ್ಲಿ ದೊಡ್ಡವು ಬೇಗನೆ ನೆಲಕ್ಕೆ ಬೀಳುತ್ತವೆ. ಬಹು ಚಿಕ್ಕವು ಬೀಳುವ ಮೊದಲೇ ಅವುಗಳ ನೀರು ಆವಿಯಾಗಿ, ಮಿಲಿಮೀಟರಿನ ಕೆಲವೇ ಸಾವಿರದ ಭಾಗಗಳಷ್ಟು ಗಾತ್ರದ ಕಣಗಳು ಮಾತ್ರ ಉಳಿಯುತ್ತವೆ. ಕಣವು ಚಿಕ್ಕದಾದಷ್ಟೂ ಅದರ ತೂಕಕ್ಕೆ ಹೋಲಿಸಿದಾಗ ಗಾಳಿಯ ತಡೆ ಹೆಚ್ಚು. ಆದುದರಿಂದ ಇವು ಗಂಟೆಗಟ್ಟಲೆ ಗಾಳಿಯಲ್ಲಿ ತೇಲಬಲ್ಲವು.

1950ರ ದಶಕದ ಕೊನೆಯಲ್ಲಿ ಅಮೆರಿಕದ ಬಾಲ್ಟಿಮೋರ್ ನಗರದ ಒಂದು ಆಸ್ಪತ್ರೆಯಲ್ಲಿ ರಿಚರ್ಡ್ ರೈಲಿ, ವಿಲಿಯಂ ವೆಲ್ಸ್ ಮತ್ತು ಅವರ ಸಂಗಡಿಗರು ಇದನ್ನು ಪ್ರಯೋಗದಿಂದ ತೋರಿಸಿದರು. ಕ್ಷಯರೋಗಿಗಳಿದ್ದ ಕೋಣೆಯ ಗಾಳಿಯನ್ನು ಕೊಳವೆಯ ಮೂಲಕ ಗಿನಿಯಿಲಿಗಳ ಪಂಜರಗಳಿಗೆ ಹಾಯಿಸಿದಾಗ, ರೋಗಿಗಳನ್ನು ಎಂದೂ ಮುಟ್ಟದ ಆ ಪ್ರಾಣಿಗಳಿಗೂ ಸೋಂಕು ತಗಲಿತು. ಅದೇ ಗಾಳಿಯನ್ನು ಅತಿನೇರಳೆ ಕಿರಣಗಳಿಂದ ಶುದ್ಧಿಮಾಡಿ ಬಿಟ್ಟ ಪಂಜರದಲ್ಲಿ ಸೋಂಕು ಹರಡಲಿಲ್ಲ. ಅಂದಮೇಲೆ ಕಿಟಕಿಯೂ ಒಂದು ಔಷಧವೇ ಸರಿ.

ಆದರೆ ಇಲ್ಲಿಗೇ ವಿಜ್ಞಾನದ ಮಾತು ಮುಗಿಯುವುದಿಲ್ಲ. ಜಗತ್ತಿನ ಜನರಲ್ಲಿ ಸುಮಾರು ಕಾಲುಭಾಗ ಮಂದಿಗೆ ಕ್ಷಯದ ಸೋಂಕು ಒಮ್ಮೆಯಾದರೂ ತಗಲಿದೆಯೆಂದು ಅಂದಾಜು. ಅವರಲ್ಲಿ ರೋಗಕ್ಕೆ ತುತ್ತಾಗುವವರು ನೂರಕ್ಕೆ ಐದರಿಂದ ಹತ್ತು ಮಂದಿ ಮಾತ್ರ. ಭೌತವಿಜ್ಞಾನದಲ್ಲಿ ನಿಯಮ ಒಂದೇ ಆದರೂ ಆರಂಭದ ಸ್ಥಿತಿ ಬೇರೆಯಾದರೆ ಫಲವೂ ಬೇರೆಯಾಗುವುದನ್ನು ನಾವು ಬಲ್ಲೆವು. ಇಲ್ಲಿಯೂ ಹಾಗೆಯೇ. ಬ್ಯಾಕ್ಟೀರಿಯ ಒಂದೇ, ಆದರೆ ಅದು ಹೊಕ್ಕ ದೇಹ ಅರೆಹೊಟ್ಟೆಯದೋ, ಮಧುಮೇಹದ್ದೋ, ಹೊಗೆಬತ್ತಿಯ ಚಟಕ್ಕೆ ಬಿದ್ದದ್ದೋ ಎಂಬುದರ ಮೇಲೆ ಮುಂದಿನ ಕಥೆ ನಿಂತಿದೆ. ಈ ಆರಂಭದ ಸ್ಥಿತಿ ಬಂದುದು ಎಲ್ಲಿಂದ ಎಂದು ಸೂಕ್ಷ್ಮದರ್ಶಕವನ್ನು ಕೇಳಿದರೆ ಅದು ಉತ್ತರಿಸಲಾರದು.

ಇತಿಹಾಸವು ಹೇಳುವ ಸಾಕ್ಷ್ಯ

ಕ್ಷಯವನ್ನು ಗುಣಪಡಿಸುವ ಮೊದಲ ಜೀವಿರೋಧಕವಾದ ಸ್ಟ್ರೆಪ್ಟೊಮೈಸಿನ್ ದೊರೆತುದು 1943ರಲ್ಲಿ. ಆದರೆ ಇಂಗ್ಲೆಂಡಿನ ಮರಣದ ದಾಖಲೆಗಳನ್ನು ತೆಗೆದು ನೋಡಿದರೆ, ಅದಕ್ಕೆ ಎಷ್ಟೋ ದಶಕಗಳ ಮೊದಲಿನಿಂದಲೇ ಕ್ಷಯದ ಸಾವುಗಳು ಇಳಿಯುತ್ತ ಬಂದಿದ್ದವು. ಔಷಧವಿಲ್ಲದೆಯೇ ರೋಗ ತಗ್ಗಿದುದು ಹೇಗೆ? ಜನರ ಆಹಾರ ಉತ್ತಮಗೊಂಡುದೇ ಮುಖ್ಯ ಕಾರಣವೆಂದು ಥಾಮಸ್ ಮೆಕಿಯೋನ್ ವಾದಿಸಿದರು. ಅದನ್ನು ಒಪ್ಪದ ಇತಿಹಾಸಕಾರ ಸೈಮನ್ ಸ್ರೆಟರ್ 1988ರಲ್ಲಿ, ನಗರಸಭೆಗಳು ಕೈಗೊಂಡ ನೈರ್ಮಲ್ಯದ ಕೆಲಸಗಳಿಗೂ ಸಾರ್ವಜನಿಕ ಕ್ರಮಗಳಿಗೂ ಹೆಚ್ಚಿನ ಪಾಲು ಸಲ್ಲಬೇಕೆಂದು ಬರೆದರು. ವಾದ ಇಂದಿಗೂ ಮುಗಿದಿಲ್ಲ. ಆದರೆ ಔಷಧವೊಂದೇ ರೋಗವನ್ನು ಹಿಮ್ಮೆಟ್ಟಿಸಲಿಲ್ಲವೆಂಬ ಮಾತಿನಲ್ಲಿ ಇಬ್ಬರಿಗೂ ಭಿನ್ನಾಭಿಪ್ರಾಯವಿಲ್ಲ.

ಹೀಗೆಂದು ಔಷಧವನ್ನು ಕೀಳ್ಗಳೆಯುವುದು ಪ್ರಮಾದ. ಔಷಧವಿಲ್ಲದ ಕಾಲದಲ್ಲಿ ಕ್ಷಯ ತಗಲಿದವರ ಗತಿ ಏನಾಗುತ್ತಿತ್ತೆಂಬುದೂ ಅದೇ ಇತಿಹಾಸದಲ್ಲಿದೆ. ಒಂದೇ ಕಾರಣಕ್ಕೆ ಎಲ್ಲ ಕೀರ್ತಿಯನ್ನೂ ಕಟ್ಟಬಾರದೆಂಬ ಎಚ್ಚರವನ್ನು ಕಲಿಸುವುದಕ್ಕಾಗಿಯೇ ಇತಿಹಾಸವು ಪಾಠಪಟ್ಟಿಯಲ್ಲಿ ಸೇರಿದೆ.

ಎಣಿಸುವ ವಿದ್ಯೆ

ಆರೋಗ್ಯ ಮತ್ತು ಸಮಾಜದ ವಿದ್ಯಾರ್ಥಿಗಳನ್ನು ಬಹಳ ಹೆದರಿಸುವ ವಿಷಯ ಸಂಖ್ಯಾಶಾಸ್ತ್ರ. ಬಿಡಲಾಗದ ವಿಷಯವೂ ಅದೇ. ಒಂದು ಲೆಕ್ಕವನ್ನು ಮಾಡಿ ನೋಡೋಣ. 10,000 ಜನರಿರುವ ಊರಿನಲ್ಲಿ 100 ಮಂದಿಗೆ ಒಂದು ರೋಗವಿದೆಯೆಂದಿಟ್ಟುಕೊಳ್ಳೋಣ. ನಮ್ಮ ಬಳಿಯಿರುವ ಪರೀಕ್ಷೆಯು ರೋಗಿಗಳಲ್ಲಿ ಶೇಕಡ 90 ಮಂದಿಯನ್ನು ಸರಿಯಾಗಿ ಗುರುತಿಸುತ್ತದೆ. ನಿರೋಗಿಗಳಲ್ಲಿ ಶೇಕಡ 95 ಮಂದಿಯನ್ನು ಸರಿಯಾಗಿ ನಿರೋಗಿಗಳೆನ್ನುತ್ತದೆ. ಮೇಲ್ನೋಟಕ್ಕೆ ಇದು ಒಳ್ಳೆಯ ಪರೀಕ್ಷೆ. ಈಗ ಇಡೀ ಊರನ್ನೇ ಪರೀಕ್ಷಿಸಿದರೆ 100 ರೋಗಿಗಳಲ್ಲಿ 90 ಮಂದಿ ಸಿಕ್ಕುತ್ತಾರೆ. ಉಳಿದ 9,900 ನಿರೋಗಿಗಳಲ್ಲಿಯೂ ಶೇಕಡ 5ರಂತೆ 495 ಮಂದಿ ತಪ್ಪಾಗಿ ‘ರೋಗಿ’ಗಳೆನಿಸಿಕೊಳ್ಳುತ್ತಾರೆ. ಒಟ್ಟು 585 ಮಂದಿಗೆ ‘ನಿಮಗೆ ರೋಗವಿರಬಹುದು’ ಎಂಬ ಚೀಟಿ ದೊರೆಯಿತು. ಅವರಲ್ಲಿ ನಿಜವಾದ ರೋಗಿಗಳು ಆರರಲ್ಲಿ ಒಂದು ಪಾಲೂ ಇಲ್ಲ! ಅದೇ ಪರೀಕ್ಷೆಯನ್ನು ಬಹುದಿನದ ಕೆಮ್ಮಿರುವವರಿಗೆ ಮಾತ್ರ ಮಾಡಿದರೆ ಫಲಿತಾಂಶದ ಬೆಲೆ ಬಹಳ ಹೆಚ್ಚುತ್ತದೆ. ಉಪಕರಣ ಬದಲಾಗಲಿಲ್ಲ, ಯಾರನ್ನು ಪರೀಕ್ಷಿಸಬೇಕೆಂಬ ತೀರ್ಮಾನ ಬದಲಾಯಿತು.

ರೋಗಪ್ರಸಾರಶಾಸ್ತ್ರವು ಇದೇ ಎಣಿಕೆಯ ಅಣ್ಣ. ಇದರ ಶಕ್ತಿಯನ್ನು ತಿಳಿಯಲು ಕ್ಷಯವನ್ನು ಕ್ಷಣಕಾಲ ಬಿಟ್ಟು ಕಾಲರಾದ ಕಡೆ ತಿರುಗಬೇಕು. 1854ರ ಲಂಡನ್ ನಗರದಲ್ಲಿ ಎರಡು ಕಂಪನಿಗಳು ಒಂದೇ ಬಡಾವಣೆಗಳ ಮನೆಗಳಿಗೆ ನೀರನ್ನು ಒದಗಿಸುತ್ತಿದ್ದವು. ಸದರ್ಕ್–ವಾಕ್ಸ್‌ಹಾಲ್ ಕಂಪನಿಯ ನೀರು ಚರಂಡಿಗಳು ಕೂಡುವ ಭಾಗದ ಥೇಮ್ಸ್ ನದಿಯದು; ಲ್ಯಾಂಬೆತ್ ಕಂಪನಿ 1852ರಲ್ಲಿ ನದಿಯ ಮೇಲ್ಭಾಗಕ್ಕೆ ತನ್ನ ಕೊಳಾಯಿಯನ್ನು ಸಾಗಿಸಿತ್ತು. ಆ ವರ್ಷದ ಪಿಡುಗಿನ ಮೊದಲ ಏಳು ವಾರಗಳ ಸಾವುಗಳನ್ನು ವೈದ್ಯ ಜಾನ್ ಸ್ನೋ ಲೆಕ್ಕಹಾಕಿದರು. ಮೊದಲ ಕಂಪನಿಯ 40,046 ಮನೆಗಳಲ್ಲಿ 1,263 ಸಾವು. ಎರಡನೆಯದರ 26,107 ಮನೆಗಳಲ್ಲಿ 98. ಅಂದರೆ ಪ್ರತಿ 10,000 ಮನೆಗಳಿಗೆ ಒಂದೆಡೆ 315, ಇನ್ನೊಂದೆಡೆ 37. ಕಾಲರಾದ ರೋಗಾಣುವನ್ನು ಕಾಖ್ ಜಗತ್ತಿಗೆ ತೋರಿಸಿಕೊಡಲು ಇನ್ನೂ ಮೂವತ್ತು ವರ್ಷಗಳು ಬಾಕಿಯಿದ್ದವು. ರೋಗಾಣುವಿನ ಮುಖವನ್ನು ಕಾಣುವ ಮೊದಲೇ ಅದು ಬರುವ ದಾರಿಯನ್ನು ಎಣಿಕೆ ಕಂಡುಕೊಂಡಿತ್ತು.

ತುಮಕೂರಿನ ಹಳ್ಳಿಗಳಲ್ಲಿ

ಆದರೆ ಎಣಿಕೆಗೂ ಒಂದು ಮಿತಿಯುಂಟು. ಎಷ್ಟು ಮಂದಿ ಕೆಮ್ಮುತ್ತಿದ್ದಾರೆಂದು ಅದು ಹೇಳೀತು. ಕೆಮ್ಮುವವನು ಏನೆಂದುಕೊಂಡಿದ್ದಾನೆ, ಯಾರ ಬಳಿಗೆ ಹೋಗಿದ್ದ, ಅಲ್ಲಿ ಅವನಿಗೆ ಸಿಕ್ಕಿದುದೇನು ಎಂಬುದನ್ನು ಅವನನ್ನು ಕೇಳಿಯೇ ತಿಳಿಯಬೇಕು. ಇದು ಸಮಾಜಶಾಸ್ತ್ರ, ಮಾನವಶಾಸ್ತ್ರಗಳ ಕ್ಷೇತ್ರ. ಇದರ ಒಂದು ಶ್ರೇಷ್ಠ ಉದಾಹರಣೆ ನಮ್ಮ ನಾಡಿನದೇ ಎಂಬುದು ನಮ್ಮ ವಿದ್ಯಾರ್ಥಿಗಳಿಗೆ ಅಷ್ಟಾಗಿ ತಿಳಿದಿಲ್ಲ.

1956ರಲ್ಲಿ ಮದರಾಸಿನಲ್ಲಿ ಆರಂಭವಾದ ಕ್ಷಯ ಚಿಕಿತ್ಸಾ ಸಂಶೋಧನ ಕೇಂದ್ರವು 1959ರಲ್ಲಿ ಒಂದು ಮಹತ್ವದ ಫಲಿತಾಂಶವನ್ನು ಪ್ರಕಟಿಸಿತು. ಆರೋಗ್ಯಧಾಮದಲ್ಲಿ ಒಳ್ಳೆಯ ಆಹಾರ, ವಿಶ್ರಾಂತಿಗಳೊಡನೆ ಔಷಧ ಪಡೆದವರಿಗೂ, ತಮ್ಮ ಬಡ ಮನೆಗಳಲ್ಲಿಯೇ ಇದ್ದು ಅದೇ ಔಷಧವನ್ನು ಪಡೆದವರಿಗೂ ಗುಣದಲ್ಲಿ ಹೆಚ್ಚು ಅಂತರ ಕಾಣಲಿಲ್ಲ. ಲಕ್ಷಾಂತರ ರೋಗಿಗಳಿಗೆ ಹಾಸಿಗೆಗಳನ್ನು ಎಲ್ಲಿಂದ ತರುವುದೆಂಬ ಚಿಂತೆ ಇದರಿಂದ ಹಗುರಾಯಿತು. ಉಳಿದ ಪ್ರಶ್ನೆ, ಹಳ್ಳಿಗಳಲ್ಲಿರುವ ರೋಗಿಗಳನ್ನು ಕಂಡುಹಿಡಿಯುವುದು ಹೇಗೆ? ಹಳ್ಳಿಗರಿಗೆ ರೋಗದ ಅರಿವಿಲ್ಲ, ಅವರಾಗಿಯೇ ಬರಲಾರರು, ಆದುದರಿಂದ ಕ್ಷ-ಕಿರಣದ ವಾಹನಗಳನ್ನು ಊರೂರಿಗೆ ಕಳುಹಿಸಿ ಹುಡುಕಿಸಬೇಕು ಎಂಬ ಎಣಿಕೆ ಆಗ ಪ್ರಬಲವಾಗಿತ್ತು.

1959ರಲ್ಲಿ ಬೆಂಗಳೂರಿನಲ್ಲಿ ಸ್ಥಾಪಿತವಾದ ರಾಷ್ಟ್ರೀಯ ಕ್ಷಯರೋಗ ಸಂಸ್ಥೆಯು ಈ ಎಣಿಕೆಯನ್ನೇ ಪರೀಕ್ಷೆಗೆ ಒಡ್ಡಿತು. ಅಲ್ಲಿದ್ದ ಡಾ. ದೇಬಬರ್ ಬ್ಯಾನರ್ಜಿಯವರು ವೈದ್ಯರಾಗಿದ್ದು ಮಾನವಶಾಸ್ತ್ರವನ್ನೂ ಅಭ್ಯಸಿಸಿದವರು. ಅವರೂ ಸ್ಟಿಗ್ ಆಂಡರ್ಸನ್ ಎಂಬವರೂ ತುಮಕೂರು ಜಿಲ್ಲೆಯಲ್ಲಿ ನಡೆಸಿದ ಅಧ್ಯಯನ 1963ರಲ್ಲಿ ಪ್ರಕಟವಾಯಿತು. ಕ್ಷ-ಕಿರಣ ಪರೀಕ್ಷೆಯಲ್ಲಿ ರೋಗದ ಗುರುತು ಕಂಡುಬಂದವರನ್ನು ಅವರವರ ಮನೆಗಳಲ್ಲಿಯೇ ಕಂಡು, ರೋಗದ ಹೆಸರನ್ನು ಎತ್ತದೆ, ಅವರು ಅನುಭವಿಸುತ್ತಿದ್ದ ತೊಂದರೆಗಳನ್ನು ವಿಚಾರಿಸಲಾಯಿತು. ಹೋಲಿಕೆಗಾಗಿ ರೋಗವಿಲ್ಲದವರನ್ನೂ ಅದೇ ಬಗೆಯಲ್ಲಿ ಕೇಳಲಾಯಿತು.

ಫಲಿತಾಂಶ ಎಲ್ಲರ ನಿರೀಕ್ಷೆಗೂ ಮೀರಿದುದಾಗಿತ್ತು. ಕಫದಲ್ಲಿ ರೋಗಾಣುವಿದ್ದವರಲ್ಲಿ ಬಹುಪಾಲು ಮಂದಿಗೆ ತಮ್ಮ ದೇಹದಲ್ಲಿ ಏನೋ ಕೆಟ್ಟಿದೆಯೆಂಬ ಅರಿವಿತ್ತು. ಅನೇಕರು ಅದಕ್ಕಾಗಿ ಚಿಂತಿಸಿಯೂ ಇದ್ದರು. ಸುಮಾರು ಅರ್ಧದಷ್ಟು ಮಂದಿ ಆಧುನಿಕ ವೈದ್ಯದ ಯಾವುದಾದರೊಂದು ಚಿಕಿತ್ಸಾಲಯದ ಮೆಟ್ಟಿಲನ್ನು ಆಗಲೇ ಹತ್ತಿ ಬಂದಿದ್ದರು. ಅಲ್ಲಿ ಅವರ ಕಫವನ್ನು ಪರೀಕ್ಷಿಸುವ ಬದಲು ಕೆಮ್ಮಿನ ಔಷಧದ ಸೀಸೆಯನ್ನು ಕೊಟ್ಟು ಹಿಂದಕ್ಕೆ ಕಳುಹಿಸುವುದು ವಾಡಿಕೆಯಾಗಿತ್ತು. ಅರಿವಿನ ಕೊರತೆಯಿದ್ದುದು ಹಳ್ಳಿಯವರಲ್ಲಿ ಎಂದು ಎಲ್ಲರೂ ಬಗೆದಿದ್ದರು. ನಿಜವಾದ ಕೊರತೆಯಿದ್ದುದು ಅವರನ್ನು ಬರಮಾಡಿಕೊಂಡ ವ್ಯವಸ್ಥೆಯಲ್ಲಿ.

ಈ ಒಂದು ತಿಳಿವಿನ ಬೆಲೆ ಎಷ್ಟೆಂಬುದನ್ನು ಓದುಗರು ಯೋಚಿಸಬೇಕು. ದುಬಾರಿ ಯಂತ್ರಗಳನ್ನು ಹೊತ್ತು ಊರೂರು ಅಲೆಯುವ ಮೊದಲು, ತಾವಾಗಿಯೇ ಬರುವ ಕೆಮ್ಮಿನವರ ಕಫವನ್ನು ಹತ್ತಿರದ ಸಾಮಾನ್ಯ ಆರೋಗ್ಯಕೇಂದ್ರದಲ್ಲಿಯೇ ಒಂದು ಸೂಕ್ಷ್ಮದರ್ಶಕದಡಿ ನೋಡಿದರೆ ಎಷ್ಟೋ ಮಂದಿ ರೋಗಿಗಳು ಸಿಕ್ಕುತ್ತಾರೆ! 1962ರಲ್ಲಿ ಆರಂಭವಾದ ರಾಷ್ಟ್ರೀಯ ಕ್ಷಯ ನಿಯಂತ್ರಣ ಕಾರ್ಯಕ್ರಮವು ಸಾಮಾನ್ಯ ಆರೋಗ್ಯಕೇಂದ್ರಗಳನ್ನೇ ಆಧಾರವಾಗಿಟ್ಟುಕೊಂಡು ರೂಪುಗೊಂಡುದಕ್ಕೆ ಬೆಂಗಳೂರಿನ ಸಂಸ್ಥೆಯ ಇಂಥ ಕೆಲಸವೇ ತಳಹದಿ. ಎರಡು ವಾರಕ್ಕೂ ಮೀರಿದ ಕೆಮ್ಮಿದ್ದರೆ ಕ್ಷಯದ ಪರೀಕ್ಷೆ ಮಾಡಿಸಬೇಕೆಂದು ಇಂದು ಆರೋಗ್ಯಕೇಂದ್ರಗಳ ಗೋಡೆಗಳ ಮೇಲೆ ಬರೆದಿರುವ ಮಾತಿನ ಹಿಂದೆಯೂ ಇದೇ ವಿಚಾರವಿದೆ.

ಕೂಲಿ, ಅನ್ನ, ಅಂತಸ್ತು

ಔಷಧವನ್ನು ಪುಕ್ಕಟೆಯಾಗಿ ಕೊಟ್ಟರೂ ಚಿಕಿತ್ಸೆ ಪುಕ್ಕಟೆಯಲ್ಲ. ಬಸ್ಸಿನ ಖರ್ಚು, ಕಳೆದ ದಿನಗೂಲಿ, ಜೊತೆಗೆ ಬಂದವರ ದಿನಗೂಲಿ ಇವೆಲ್ಲ ಸೇರಿದರೆ ಬಡ ಸಂಸಾರ ಸಾಲಕ್ಕೆ ಕೈಯೊಡ್ಡಬೇಕಾಗುತ್ತದೆ. ಇದನ್ನು ಲೆಕ್ಕಹಾಕುವುದಕ್ಕಾಗಿ ಪಾಠಪಟ್ಟಿಯಲ್ಲಿ ಅರ್ಥಶಾಸ್ತ್ರವಿದೆ. ಭಾರತ ಸರ್ಕಾರವು ಕ್ಷಯರೋಗಿಗಳ ಪೋಷಣೆಗೆಂದು 2018ರಿಂದ ತಿಂಗಳಿಗೆ 500 ರೂಪಾಯಿಗಳನ್ನು ಕೊಡಲಾರಂಭಿಸಿ, 2024ರ ನವೆಂಬರಿನಿಂದ ಅದನ್ನು 1,000ಕ್ಕೆ ಏರಿಸಿದುದು ಈ ತಿಳಿವಿನಿಂದಲೇ.

ಅನ್ನವು ಕ್ಷಯವನ್ನು ತಡೆಯಬಲ್ಲುದೇ ಎಂಬ ಹಳೆಯ ಪ್ರಶ್ನೆಗೆ ಇತ್ತೀಚೆಗೆ ಸ್ಪಷ್ಟವಾದ ಉತ್ತರವೂ ದೊರೆತಿದೆ. ಮಂಗಳೂರಿನ ಯೇನೆಪೋಯ ವೈದ್ಯಕೀಯ ಕಾಲೇಜಿನ ಅನುರಾಗ್ ಭಾರ್ಗವ, ಮಾಧವಿ ಭಾರ್ಗವ ಮತ್ತು ಅವರ ಸಂಗಡಿಗರು ಝಾರ್ಖಂಡದ ನಾಲ್ಕು ಜಿಲ್ಲೆಗಳಲ್ಲಿ ನಡೆಸಿ 2023ರಲ್ಲಿ ಪ್ರಕಟಿಸಿದ ಪ್ರಯೋಗವದು. ರೋಗಿಗಳ ಮನೆಯವರಿಗೂ ಅಕ್ಕಿ, ಬೇಳೆ ಮುಂತಾದವನ್ನು ಒಂದು ತಂಡದಲ್ಲಿ ಒದಗಿಸಲಾಯಿತು. ಇನ್ನೊಂದು ತಂಡದಲ್ಲಿ ಪಡಿ ರೋಗಿಗೆ ಮಾತ್ರ ದೊರೆಯಿತು. ಮನೆಯವರಿಗೂ ಪಡಿ ದೊರೆತ ಸಂಸಾರಗಳಲ್ಲಿ ಹೊಸದಾಗಿ ಕ್ಷಯಕ್ಕೆ ತುತ್ತಾದವರ ಪ್ರಮಾಣವು ಸುಮಾರು ಶೇಕಡ 40ರಷ್ಟು ತಗ್ಗಿತು. ಲಸಿಕೆಯಿಂದ ನಾವು ನಿರೀಕ್ಷಿಸುವಂಥ ಫಲವನ್ನು ಅಕ್ಕಿಬೇಳೆಗಳು ಕೊಟ್ಟವು.

ಹಸಿವು ನೀಗಿದೊಡನೆ ಸಮಾಜದ ಪ್ರಭಾವವೂ ನೀಗಿತೆಂದು ತಿಳಿಯಬಾರದು. ಬ್ರಿಟನ್ನಿನಲ್ಲಿ 1967ರಲ್ಲಿ ಸುಮಾರು 18,000 ಮಂದಿ ಪುರುಷ ಸರ್ಕಾರಿ ನೌಕರರನ್ನು ಕುರಿತು ‘ವೈಟ್‌ಹಾಲ್’ ಅಧ್ಯಯನ ಮೊದಲಾಯಿತು. ಇವರಲ್ಲಿ ಯಾರೂ ಹಸಿದವರಲ್ಲ. ಎಲ್ಲರಿಗೂ ಉದ್ಯೋಗವೂ ಸರ್ಕಾರಿ ವೈದ್ಯಸೇವೆಯೂ ಇದ್ದುವು. ಆದರೂ ಅತ್ಯಂತ ಕೆಳಗಿನ ದರ್ಜೆಯವರ ಮರಣಪ್ರಮಾಣವು ಅತ್ಯಂತ ಮೇಲಿನ ದರ್ಜೆಯವರದಕ್ಕಿಂತ ಸುಮಾರು ಮೂರು ಪಟ್ಟು ಹೆಚ್ಚಾಗಿತ್ತು. ಹೊಗೆಬತ್ತಿ, ರಕ್ತದ ಒತ್ತಡ ಮೊದಲಾದವುಗಳನ್ನು ಲೆಕ್ಕಕ್ಕೆ ಹಿಡಿದರೂ ಅಂತರದ ಬಹುಭಾಗ ಹಾಗೆಯೇ ಉಳಿಯಿತು. ಅಂತಸ್ತೂ ಆಯುಸ್ಸಿನ ಒಂದು ಅಳತೆಗೋಲು ಎಂಬುದನ್ನು ಇದು ತೋರಿಸಿಕೊಟ್ಟಿತು.

ಮಾಡಬಲ್ಲುದೆಲ್ಲ ಮಾಡಬಹುದಾದುದಲ್ಲ

ನೀತಿಶಾಸ್ತ್ರವು ಈ ಪಟ್ಟಿಯಲ್ಲಿ ಅಲಂಕಾರಕ್ಕಾಗಿ ಬಂದುದಲ್ಲ. ಅಮೆರಿಕದ ಸಾರ್ವಜನಿಕ ಆರೋಗ್ಯ ಇಲಾಖೆಯು 1932ರಿಂದ 1972ರವರೆಗೆ ಅಲಬಾಮ ರಾಜ್ಯದ ಟಸ್ಕೀಗಿಯಲ್ಲಿ, ಸಿಫಿಲಿಸ್ ರೋಗವಿದ್ದ ಸುಮಾರು 400 ಮಂದಿ ಕರಿಯ ಜನಾಂಗದ ಬಡವರಿಗೆ ಅವರ ರೋಗದ ನಿಜವನ್ನು ತಿಳಿಸದೆ, ಪೆನಿಸಿಲಿನ್ ಬಳಕೆಗೆ ಬಂದಮೇಲೂ ಅದನ್ನು ಕೊಡದೆ, ರೋಗವು ಬೆಳೆಯುವ ಬಗೆಯನ್ನು ಸುಮ್ಮನೆ ನೋಡುತ್ತ ಕುಳಿತಿತು. ಅಂಕಿ ಅಂಶಗಳನ್ನು ಕೂಡಿಹಾಕುವ ಆಸೆ ಮಾನವೀಯತೆಯನ್ನು ನುಂಗಿದ ಕಥೆಯಿದು. ಕ್ಷಯದ ವಿಷಯದಲ್ಲಿಯೂ ಇಂಥ ಪ್ರಶ್ನೆಗಳು ಏಳುತ್ತವೆ. ರೋಗಿ ಮಾತ್ರೆಯನ್ನು ನುಂಗುವುದನ್ನು ಎದುರಿಗೆ ನಿಂತು ನೋಡಬೇಕೆಂಬ ನಿಯಮದಿಂದ ಊರಿಗೆ ಹಿತವಾಗಬಹುದು. ಆದರೆ ಅವನ ಮರ್ಯಾದೆಯ ಗತಿಯೇನು? ಮನೆಯ ಹುಡುಗಿಗೆ ಕ್ಷಯವಿತ್ತೆಂಬ ಸುದ್ದಿ ಹರಡಿದರೆ ಅವಳ ಮದುವೆಯ ಮಾತಿಗೆ ಏನಾದೀತು? ಇವಕ್ಕೆ ಸಿದ್ಧ ಸೂತ್ರವಿಲ್ಲ; ಪ್ರಶ್ನೆಯಿದೆಯೆಂಬ ಅರಿವನ್ನಾದರೂ ವಿದ್ಯಾರ್ಥಿ ಪಡೆಯಬೇಕು.

ನಮ್ಮ ದೇಶದಲ್ಲಿ

ಇಂಥ ಪದವಿ ಪಡೆದವನಿಗೆ ರೋಗಿಗಳಿಗೆ ಚಿಕಿತ್ಸೆ ಮಾಡುವ ಅಧಿಕಾರವಿರುವುದಿಲ್ಲವೆಂಬುದನ್ನು ಮೊದಲೇ ತಿಳಿದಿರಬೇಕು. ಅಮೆರಿಕದಲ್ಲಿ ವೈದ್ಯಶಿಕ್ಷಣ ದೊರೆಯುವುದು ಸಾಮಾನ್ಯವಾಗಿ ಒಂದು ಪದವಿಯ ಬಳಿಕ. ಆದುದರಿಂದ ಭಾವಿ ವೈದ್ಯರಲ್ಲಿ ಕೆಲವರು ಇದನ್ನು ಮೊದಲು ಓದುತ್ತಾರೆ. ಅಲ್ಲಿಯ ವೈದ್ಯಕೀಯ ಪ್ರವೇಶಪರೀಕ್ಷೆಯಲ್ಲಿಯೇ 2015ರಿಂದ ಮನಃಶಾಸ್ತ್ರ, ಸಮಾಜಶಾಸ್ತ್ರಗಳಿಗೆ ಸಂಬಂಧಿಸಿದ ಒಂದು ಭಾಗವನ್ನು ಸೇರಿಸಲಾಗಿದೆ. ಉಳಿದವರು ಸಾರ್ವಜನಿಕ ಆರೋಗ್ಯ, ಆಡಳಿತ, ಸಂಶೋಧನೆ, ಸಮಾಜಸೇವೆ ಮೊದಲಾದ ಕಡೆಗೆ ಸಾಗುತ್ತಾರೆ.

ನಮ್ಮಲ್ಲಿ ಈ ವಿಚಾರ ಹೊಸದೇನೂ ಅಲ್ಲ. ವೈದ್ಯವಿದ್ಯಾರ್ಥಿಗಳು ಸಮಾಜವನ್ನರಿತ ವೈದ್ಯರಾಗಬೇಕೆಂದೂ, ಅದಕ್ಕಾಗಿ ಅವರಿಗೆ ಮೂರು ತಿಂಗಳ ವಿಶೇಷ ತರಬೇತಿ ಬೇಕೆಂದೂ ಭೋರ್ ಸಮಿತಿಯು 1946ರಲ್ಲಿಯೇ ಸಲಹೆಮಾಡಿತ್ತು. ತುಮಕೂರಿನ ಅಧ್ಯಯನದ ಬ್ಯಾನರ್ಜಿಯವರು ಮುಂದೆ ದೆಹಲಿಯ ಜವಾಹರಲಾಲ್ ನೆಹರು ವಿಶ್ವವಿದ್ಯಾನಿಲಯದಲ್ಲಿ ಸಾಮಾಜಿಕ ವೈದ್ಯ ಮತ್ತು ಸಮುದಾಯ ಆರೋಗ್ಯದ ಕೇಂದ್ರವನ್ನು ಕಟ್ಟಿ ಬೆಳೆಸಿದವರಲ್ಲೊಬ್ಬರು. ತಿರುವನಂತಪುರದ ಅಚ್ಯುತ ಮೆನನ್ ಕೇಂದ್ರವು 1997ರಿಂದ ಸಾರ್ವಜನಿಕ ಆರೋಗ್ಯದಲ್ಲಿ ಸ್ನಾತಕೋತ್ತರ ಪದವಿಯನ್ನು ಕೊಡುತ್ತ ಬಂದಿದೆ. ಬಳಿಕ ಇತರ ಸಂಸ್ಥೆಗಳೂ ಇದನ್ನು ಕೈಗೊಂಡಿವೆ. ಇವುಗಳಲ್ಲಿ ಕೆಲವು ವೈದ್ಯರಲ್ಲದ ಪದವೀಧರರನ್ನೂ ಸೇರಿಸಿಕೊಳ್ಳುತ್ತವೆ. ಆದುದರಿಂದ ಇಂದು ಬಿ.ಎಸ್‌ಸಿ.ಯಲ್ಲಿ ಸಂಖ್ಯಾಶಾಸ್ತ್ರವನ್ನೋ ಜೀವವಿಜ್ಞಾನವನ್ನೋ, ಬಿ.ಎ.ಯಲ್ಲಿ ಸಮಾಜಶಾಸ್ತ್ರವನ್ನೋ ಅರ್ಥಶಾಸ್ತ್ರವನ್ನೋ ಓದುತ್ತಿರುವ ವಿದ್ಯಾರ್ಥಿಗೂ ಆರೋಗ್ಯಕ್ಷೇತ್ರದ ದಾರಿ ತೆರೆದೇ ಇದೆ. ಆದರೆ ವಿಜ್ಞಾನದವನು ಸಮಾಜದ ಪುಸ್ತಕವನ್ನೂ, ಕಲೆಯ ವಿಭಾಗದವನು ಅಂಕಿಗಳ ಪುಸ್ತಕವನ್ನೂ ತೆರೆಯಲು ಅಂಜಬಾರದು.

ಪಟ್ಟಿಯ ಕೊನೆಯಲ್ಲಿರುವ ಕ್ಷೇತ್ರಕಾರ್ಯಕ್ಕಾದರೋ ಯಾವ ವಿಶ್ವವಿದ್ಯಾನಿಲಯದ ಅಪ್ಪಣೆಯೂ ಬೇಕಿಲ್ಲ. ನಿಮ್ಮ ಊರಿನಲ್ಲಿ ಒಬ್ಬ ಕೂಲಿಯವನಿಗೆ ಮೂರು ವಾರಗಳಿಂದ ಕೆಮ್ಮಿದೆಯೆಂದು ಭಾವಿಸಿರಿ. ಅವನ ಮನೆಯಿಂದ ಕಫಪರೀಕ್ಷೆಯಾಗುವ ಸ್ಥಳಕ್ಕೆ ಎಷ್ಟು ದೂರ? ಬಸ್ಸು ಯಾವ ಹೊತ್ತಿಗೆ? ಪರೀಕ್ಷೆಯ ಸಮಯ ಯಾವುದು? ಎಷ್ಟು ಸಲ ಹೋಗಬೇಕು? ಎಷ್ಟು ದಿನದ ಕೂಲಿ ಹೋಗುತ್ತದೆ? ಇಷ್ಟನ್ನು ವಿಚಾರಿಸಿ ಒಂದು ಹಾಳೆಯಲ್ಲಿ ಬರೆದು ನೋಡಿರಿ. ಕೆಮ್ಮಿಗೂ ಔಷಧಕ್ಕೂ ನಡುವೆ ಇರುವ ಅಂತರ ಆ ಹಾಳೆಯಲ್ಲಿ ಕಾಣುತ್ತದೆ. ಅದನ್ನು ಕಿರಿದುಗೊಳಿಸುವ ಕೆಲಸಕ್ಕೆ ವೈದ್ಯರು ಬೇಕು. ವೈದ್ಯರಲ್ಲದವರು ಇನ್ನೂ ಹೆಚ್ಚಾಗಿ ಬೇಕು.